ಉಪ್ಪುನೀರಿನ ಅಕ್ವೇರಿಯಂ: ಮೀನಿಗಿಂತ ಮೊದಲು ನೀರು

ಪ್ರಶ್ನೆ: ಪರಿಚಯದವರಿಂದ ಹಳೆಯ 3 ಅಡಿ ಟ್ಯಾಂಕ್ ಕೊಂಡಿದ್ದೇನೆ. ಗಾಜಿನ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿದೆ. ಬಾತ್‌ರೂಮ್ ಆಸಿಡ್ ಹಾಕಿ ಉಜ್ಜಬಹುದೇ? (ದಾವಣಗೆರೆ)

ಬೇಡ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಕಲೆಯ ಮೇಲೆ ಅಂಟಿಸಿ ಒಂದೆರಡು ಗಂಟೆ ಬಿಡಿ. ಆ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಕರಗುತ್ತದೆ. ಉಳಿದದ್ದನ್ನು ಬ್ಲೇಡಿನಿಂದ ಕೆರೆಯಿರಿ. ಮೂಲೆಯ ಸಿಲಿಕೋನ್‌ಗೆ ಮಾತ್ರ ಬ್ಲೇಡ್ ತಾಗಬಾರದು, ಸಣ್ಣ ಗೀರೂ ಮುಂದೆ ಸೋರಿಕೆಯಾಗುತ್ತದೆ. ಹಳೆಯ ಪಂಪನ್ನು ಅದೇ ವಿನೆಗರ್ ನೀರಿನಲ್ಲಿ ಒಂದು ಗಂಟೆ ಓಡಿಸಿದರೆ ಒಳಗಿನ ಗಟ್ಟಿ ಕಸರೂ ಬಿಡುತ್ತದೆ.

ಹಿಂದಿನ ಮೀನುಗಳ ರೋಗಾಣು ಹೋಗಬೇಕಾದರೆ ಬ್ಲೀಚ್ ಬೇಕು. ಸುವಾಸನೆ ಬೆರೆಸದ ದ್ರವ ಬ್ಲೀಚ್ 1 ಪಾಲಿಗೆ ನೀರು 20 ಪಾಲು ಸೇರಿಸಿ ಒಂದು ಗಂಟೆ ಬಿಡಿ. ವಿನೆಗರ್ ಆಗಲಿ ಆಸಿಡ್ ಆಗಲಿ ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಾಪಾಯ. ಹಾಗಾಗಿ ವಿನೆಗರ್ ಕೆಲಸ ಒಂದು ದಿನ, ಚೆನ್ನಾಗಿ ತೊಳೆದು ಬ್ಲೀಚ್ ಇನ್ನೊಂದು ದಿನ, ಎರಡೂ ಬಯಲಿನಲ್ಲೇ. ಕೊನೆಗೆ ಕ್ಲೋರಿನ್ ತೆಗೆಯುವ ಸೋಡಿಯಂ ಥಯೊಸಲ್ಫೇಟ್ ಹಾಕಿದ ನೀರಿನಿಂದ ತೊಳೆದು, ವಾಸನೆ ಪೂರ್ತಿ ಹೋಗುವ ತನಕ ಎರಡು ದಿನ ಒಣಗಿಸಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಹತ್ತಿರವೂ ಬರಬಾರದು. ಒಣಗಿದ ಮೇಲೆ ಅಡಿಯಲ್ಲಿ ಹಳೇ ಪೇಪರ್ ಹಾಸಿ, ನೀರು ತುಂಬಿಸಿ 48 ಗಂಟೆ ಬಿಡಿ. ಪೇಪರ್ ಒದ್ದೆಯಾದರೆ ಸೋರಿಕೆಯಿದೆ ಎಂದರ್ಥ.

ಮಾರಿದವರನ್ನು ಇನ್ನೊಂದು ಮಾತು ಕೇಳಿ: ಈ ಟ್ಯಾಂಕಿನಲ್ಲಿ ಯಾವತ್ತಾದರೂ ತಾಮ್ರದ ಔಷಧ ಹಾಕಿದ್ದರೇ? ಬಿಳಿ ಚುಕ್ಕೆ ರೋಗಕ್ಕೆ ಅದನ್ನು ಹಾಕುವ ರೂಢಿಯಿದೆ. ಸಿಲಿಕೋನ್ ಮತ್ತು ಕಲ್ಲು ತಾಮ್ರ ಹೀರಿಕೊಂಡು ನಿಧಾನವಾಗಿ ನೀರಿಗೆ ಬಿಡಬಹುದು. ಮೀನು ತಡೆದುಕೊಂಡೀತು, ಸಿಗಡಿ, ಬಸವನಹುಳು, ಹವಳಗಳು ತಡೆಯವು. ಹೌದೆಂದರೆ ಆ ಟ್ಯಾಂಕಿನಲ್ಲಿ ಮೀನಷ್ಟೇ ಸಾಕಿ.

ಪ್ರಶ್ನೆ: ಮನೆಯ ಆರ್‌ಒ ನೀರಿಗೆ ಕಲ್ಲುಪ್ಪು ಹಾಕಿದರೆ ಸಾಕಲ್ಲವೇ? ಸಮುದ್ರದ ಉಪ್ಪೂ ಅದೇ ತಾನೇ? (ಬೆಂಗಳೂರು)

ಸಾಕಾಗದು. ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಉಪ್ಪಿನಾಗರಗಳಲ್ಲಿ ಸಮುದ್ರದ ನೀರು ಬತ್ತುವಾಗ ಕ್ಯಾಲ್ಸಿಯಂ ಮೊದಲೇ ಬೇರೆಯಾಗಿ ತಳ ಸೇರುತ್ತದೆ. ಮೆಗ್ನೀಸಿಯಂ ಕೊನೆಯ ಕಹಿನೀರಿನಲ್ಲೇ ಉಳಿದು ಹೊರಹೋಗುತ್ತದೆ. ನಡುವೆ ಹರಳುಗಟ್ಟುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಸಾರಿಗೆ ಅದೇ ಬೇಕು, ಹವಳಕ್ಕೆ ಬಿಟ್ಟುಹೋದವೂ ಬೇಕು. ಅಕ್ವೇರಿಯಂಗೆಂದೇ ತಯಾರಾದ ಸಮುದ್ರ ಉಪ್ಪಿನ ಮಿಶ್ರಣವನ್ನೇ ಕೊಳ್ಳಿ.

ಆರ್‌ಒ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೆಂದು ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ, ಕೆಲವದರಲ್ಲಿ ‘ಕಾಪರ್’ ಕಾರ್ಟ್ರಿಜ್ ಕೂಡ. ಮನುಷ್ಯರಿಗೆ ಒಳ್ಳೆಯದೆಂದು ಮಾರುವ ಆ ತಾಮ್ರವೇ ಸಿಗಡಿಗೆ ವಿಷ. ಮೆಂಬ್ರೇನ್ ದಾಟಿದ ನೀರನ್ನು ಈ ಕಾರ್ಟ್ರಿಜ್‌ಗಳಿಗೆ ಮುಂಚೆಯೇ ಬೇರೆ ಪೈಪಿನಲ್ಲಿ ತೆಗೆದು, ಅಳಿದುಳಿದ ಲವಣ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಬೋರ್‌ವೆಲ್ ನೀರನ್ನು ನೇರ ಸುರಿದರೆ ಸಿಲಿಕೇಟ್, ನೈಟ್ರೇಟ್ ಬಂದು ತಿಂಗಳೊಳಗೆ ಟ್ಯಾಂಕ್ ಪಾಚಿಮಯ.

3 x 1.5 x 1.5 ಅಡಿ ಟ್ಯಾಂಕ್ ಎಂದರೆ ಲೆಕ್ಕಕ್ಕೆ 190 ಲೀಟರ್; ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 160. ಲೀಟರಿಗೆ ಅಂದಾಜು 36 ಗ್ರಾಂ ಹಿಡಿದರೆ 6 ಕೆಜಿಯಷ್ಟು ಉಪ್ಪು. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವೇ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಸೇರುತ್ತದೆ, ಮತ್ತೆ ಕರಗದು. ಸಣ್ಣ ಪಂಪಿನಿಂದ 24 ಗಂಟೆ ಕಲಕಿ ಅಳೆಯಿರಿ: ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35 ಪಾಲು. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35ರ ಮಾದರಿ ದ್ರಾವಣದಿಂದ ಸರಿಹೊಂದಿಸಿಕೊಂಡಿರಬೇಕು.

ಪ್ರಶ್ನೆ: ನಮಗೆ ಕಡಲು ಹತ್ತಿರ. ಪಣಂಬೂರಿನಿಂದ ನೀರು, ಕಲ್ಲು ತರಬಹುದೇ? (ಮಂಗಳೂರು)

ಪಕ್ಕದಲ್ಲೇ ಬಂದರು, ದಡದ ನೀರಿನಲ್ಲಿ ಎಣ್ಣೆ, ಕೊಳಚೆ ಸೇರುವ ಸಾಧ್ಯತೆಯಿದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಬಂದು ಸೇರಿ ಉಪ್ಪಿನಂಶವೂ ಇಳಿಯುತ್ತದೆ. ತರದಿರುವುದೇ ಲೇಸು. ಗಟ್ಟಿ ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡು ಇಟ್ಟುಕೊಂಡರೂ ಅಪರಾಧ. ಅಲಂಕಾರಕ್ಕೆ ಸೆರಾಮಿಕ್ ಕಲ್ಲು ಬಳಸಿ.

ಪ್ರಶ್ನೆ: ನೀರು ಸ್ಫಟಿಕದಷ್ಟು ತಿಳಿಯಾಗಿತ್ತು. ಆದರೂ 10 ದಿನದಲ್ಲಿ ಎರಡು ಕ್ಲೌನ್ ಮೀನು ಸತ್ತವು. ಮೀನು ಮಂಕಾದಾಗ ಫಿಲ್ಟರನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದೆ. (ಮೈಸೂರು)

ಅಮೋನಿಯಕ್ಕೆ ಬಣ್ಣವಿಲ್ಲ, ಆದ್ದರಿಂದ ತಿಳಿನೀರು ಏನನ್ನೂ ಹೇಳುವುದಿಲ್ಲ. ಮೀನಿನ ಹೊಲಸು ಅಮೋನಿಯವಾಗುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಇವು ಕಲ್ಲು, ಮರಳು, ಸ್ಪಂಜಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಉಪ್ಪುನೀರಿನ ಪಿಎಚ್ 8.1-8.4 ಇರುವುದರಿಂದ ಅದೇ ಪ್ರಮಾಣದ ಅಮೋನಿಯ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷಕಾರಿ. ನೀವು ಫಿಲ್ಟರ್ ತೊಳೆದಾಗ, ಆಗಷ್ಟೇ ಹುಟ್ಟುತ್ತಿದ್ದ ಬ್ಯಾಕ್ಟೀರಿಯಾವೂ ನಲ್ಲಿಯ ಕ್ಲೋರಿನ್‌ಗೆ ಸತ್ತಿರಬೇಕು. ಸ್ಪಂಜನ್ನು ಯಾವಾಗಲೂ ಟ್ಯಾಂಕಿನಿಂದಲೇ ತೆಗೆದ ಉಪ್ಪುನೀರಿನಲ್ಲಿ ಅದ್ದಿ ಹಿಂಡಿ, ಅಷ್ಟೇ.

ಈ ಸಲ ಮೀನಿಲ್ಲದೆ ಶುರು ಮಾಡಿ. 26 ಡಿಗ್ರಿಯ ನೀರು, ಪಂಪು ಓಡುತ್ತಿರಲಿ. ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯವನ್ನು 2 ಪಿಪಿಎಂಗೆ, ಅಂದರೆ ಹತ್ತು ಲಕ್ಷಕ್ಕೆ 2 ಪಾಲಿಗೆ ತನ್ನಿ (ಮಾರುಕಟ್ಟೆಯ ಒಂದು ಹಸಿ ಸಿಗಡಿ ಕೊಳೆಸಿದರೂ ನಡೆಯುತ್ತದೆ, ಮನೆಯವರು ಒಪ್ಪಿದರೆ). ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಕರಗಿ, ಅಮೋನಿಯ, ನೈಟ್ರೈಟ್ ಎರಡೂ 0 ಆದ ದಿನ ಟ್ಯಾಂಕ್ ಸಿದ್ಧ. ಅರ್ಧ ನೀರು ಬದಲಿಸಿ ಒಂದೇ ಮೀನು ಬಿಡಿ. ಈ ಹಂತದಲ್ಲಿ ಮರಳಿನ ಮೇಲೆ ಕಂದು ಪುಡಿ ಹರಡಿದರೆ ಗಾಬರಿ ಬೇಡ, ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಸಿಲಿಕೇಟ್ ಮುಗಿದಂತೆ ತಾನೇ ಹೋಗುತ್ತದೆ.

ಪ್ರಶ್ನೆ: ವಾರದ ಸ್ವಚ್ಛತೆ ಮಾಡುವಾಗ ಕೈಗೆ ಸಣ್ಣ ಶಾಕ್ ತಗುಲಿತು. ಏನು ತಪ್ಪಾಗಿದೆ? (ಹುಬ್ಬಳ್ಳಿ)

ಎಲ್ಲಾ ಪ್ಲಗ್ ತೆಗೆದ ಹೊರತು ಮತ್ತೆ ಕೈ ಅದ್ದಬೇಡಿ. ಹೀಟರಿನ ಗಾಜು ಬಿರುಕುಬಿಟ್ಟಿರಬಹುದು, ಪಂಪಿನ ವೈರ್ ಕಿತ್ತಿರಬಹುದು. ನೀರು ಇಳಿಸುವಾಗ ಬಿಸಿ ಹೀಟರ್ ಗಾಳಿಗೆ ತೆರೆದುಕೊಂಡರೆ ಒಡೆಯುವುದು ಸಾಮಾನ್ಯ. ಕೆಲಸಕ್ಕೆ 15 ನಿಮಿಷ ಮೊದಲೇ ಅದನ್ನು ಆಫ್ ಮಾಡಿ. ಎಲೆಕ್ಟ್ರಿಷಿಯನ್ ಕರೆಸಿ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ. ವೈರ್ ಪ್ಲಗ್ಗಿಗೆ ಹೋಗುವ ಮುನ್ನ ಕೆಳಗೆ ಜೋತು ಬಾಗಿ ಮೇಲೇರಬೇಕು. ಹನಿಗಳು ಆ ಬಾಗಿನಲ್ಲೇ ಬಿದ್ದುಹೋಗುತ್ತವೆ.

ಸೈಫನ್ ಪೈಪನ್ನು ಬಾಯಿಂದ ಎಳೆಯಬೇಡಿ. ಕೈಯಲ್ಲಿ ಗಾಯವಿದ್ದರೆ ಉದ್ದ ಗ್ಲೌಸ್ ಹಾಕಿ. ಈ ನೀರಿನ ಮೈಕೊಬ್ಯಾಕ್ಟೀರಿಯಂ ಮರಿನಮ್ ಎಂಬ ಬ್ಯಾಕ್ಟೀರಿಯಾ ಗಾಯದೊಳಗೆ ಹೊಕ್ಕರೆ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಏಳುತ್ತದೆ.

ಗುಂಡಿಯಂಥ ಜೋಯಾಂಥಿಡ್‌ಗಳು (ಹವಳದ ಸಂಬಂಧಿ ಜೀವಿಗಳು) ಅಂಟಿದ ಕಲ್ಲನ್ನು ಎಂದೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಹೊರಗೆ ತೆಗೆದು ಬ್ರಷ್‌ನಿಂದ ಉಜ್ಜಬೇಡಿ. ಕೆಲವದರಲ್ಲಿರುವ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯೊಂದಿಗೆ ಎದ್ದು ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು. ಮುಟ್ಟುವುದಾದರೆ ಗ್ಲೌಸ್, ಕನ್ನಡಕ ಎರಡೂ ಇರಲಿ. ಕೆಲಸದ ನಂತರ ಬಾಯಿಗೆ ಲೋಹದ ರುಚಿ, ಜ್ವರ, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ವೈದ್ಯರಿಗೆ ಈ ವಿಷದ ಹೆಸರನ್ನೇ ಹೇಳಿ.

ಪ್ರಶ್ನೆ: ಬೇಸಿಗೆಯಲ್ಲಿ ಟ್ಯಾಂಕ್ 31 ಡಿಗ್ರಿ ಮುಟ್ಟುತ್ತದೆ. ಫ್ಯಾನ್ ಸಾಕೇ, ಚಿಲ್ಲರ್ ಬೇಕೇ? (ಉಡುಪಿ)

ಬೆಂಗಳೂರಿನ ಒಣ ಬೇಸಿಗೆಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನ್ 2-3 ಡಿಗ್ರಿ ಇಳಿಸಬಲ್ಲದು. ಕರಾವಳಿಯ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಹಾಗಾಗಿ ನಿಮಗೆ ನೀರು ತಣಿಸುವ ಯಂತ್ರವಾದ ಚಿಲ್ಲರೇ ಗತಿ, ಇಲ್ಲವೇ ಎಸಿ ಇರುವ ಕೋಣೆ. ಆವಿಯಾದಷ್ಟು ನೀರನ್ನು ದಿನವೂ ತುಂಬಿಸುವಾಗ ಉಪ್ಪಿಲ್ಲದ ಆರ್‌ಒ ನೀರನ್ನೇ ಹಾಕಿ, ಉಪ್ಪು ಆವಿಯಾಗುವುದಿಲ್ಲ.