ಲೆಕ್ಕಕ್ಕೆ ಬಾರದ ಗುಳಿಗೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಬಾಗಲಕೋಟೆ ಜಿಲ್ಲೆಯ ಇಳಕಲ್ ಕಡೆಯ ಒಬ್ಬ ನೇಕಾರರು, ಅರವತ್ತರ ಹತ್ತಿರದ ವಯಸ್ಸು. ಬಿಪಿಗೆ ಟೆಲ್ಮಿಸಾರ್ಟಾನ್ ಗುಳಿಗೆ ಶುರುವಾಗಿ ವರ್ಷ ದಾಟಿದ್ದರೂ ಮೇಲಿನ ಅಂಕಿ 160ರಿಂದ ಕೆಳಗೆ ಇಳಿದಿರಲಿಲ್ಲ. ಇನ್ನೊಂದು ಗುಳಿಗೆ ಸೇರಿಸುವ ಮೊದಲು ಒಮ್ಮೆ ಮಾತನಾಡಿಸಿ ಎಂದು ವೈದ್ಯರು, ಆಸ್ಪತ್ರೆಯಲ್ಲಿ ರೋಗಿಗಳಿಗೆ ಸಲಹೆ ಕೊಡುವ ನನ್ನ ಬಳಿ ಕಳುಹಿಸಿದ್ದರು. ಗುಳಿಗೆ ತಪ್ಪಿಸುತ್ತಿರಬಹುದು ಎಂಬುದು ಅವರ ಅನುಮಾನ.

ತಪ್ಪಿಸುತ್ತಿರಲಿಲ್ಲ. ಖಾಲಿಯಾದ ಗುಳಿಗೆಯ ಪಟ್ಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಸಾಕ್ಷಿಗೆಂದು ತಂದಿದ್ದರು. “ಒಂದು ದಿನವೂ ಬಿಟ್ಟಿಲ್ಲ ತಂಗಿ” ಎಂದರು. ಜೊತೆಗೆ ಬಂದಿದ್ದ ಅವರ ಹೆಂಡತಿಯ ತೀರ್ಪು ಬೇರೆ: “ಮಗ ಸಾಲ ತೆಗೆದು ಪವರ್‌ಲೂಮ್ ಹಾಕಿಸಿದ್ದಾನೆ. ಇವರು ರಾತ್ರಿಯೆಲ್ಲ ಅದನ್ನೇ ಚಿಂತಿಸುತ್ತಾರೆ. ಚಿಂತೆಯಿಂದಲೇ ಬಿಪಿ.”

ಚಿಂತೆ, ನಿದ್ದೆಗೇಡು ಎರಡೂ ರಕ್ತದೊತ್ತಡವನ್ನು ಏರಿಸುವುದು ನಿಜ. ಆದರೆ ನಮ್ಮ ಕಡೆ ಬಿಪಿಯ ಹೊರೆಯನ್ನೆಲ್ಲ ಚಿಂತೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಸಾಲ ಇರುವವರಿಗೆ “ಚಿಂತೆ ಬಿಡಿ” ಎನ್ನುವುದನ್ನು ನಾನು ಸಲಹೆ ಎಂದು ಒಪ್ಪುವುದಿಲ್ಲ.

ಮೊದಲು ಅಳತೆ. ಬಸ್ಸಿನಿಂದ ಇಳಿದು ಬಿರಬಿರನೆ ನಡೆದು ಬಂದಿದ್ದರು, ದವಡೆಯಲ್ಲಿ ತಂಬಾಕು. ಆಗಲೇ ನೋಡಿದ್ದರಿಂದ ಯಂತ್ರ 174/102 ತೋರಿಸಿತ್ತು. ಬಾಯಿ ತೊಳೆದು, ಮೂತ್ರಕ್ಕೆ ಹೋಗಿ ಬಂದು, ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಕೂರಲು ಹೇಳಿದೆ. ಆಮೇಲೆ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿಸಿ, ಮಾತಿಲ್ಲದೆ ನೋಡಿದಾಗ 162/96. ಇಳಿಯಿತು, ಆದರೆ ಸಾಲದು. ಆಸ್ಪತ್ರೆಯಲ್ಲಿ 140/90 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಅದು ಏರಿದ ರಕ್ತದೊತ್ತಡವೇ.

“ಕಾಕಾ, ಡಾಕ್ಟರು ಕೊಟ್ಟದ್ದು ಬಿಟ್ಟು ಬೇರೆ ಏನು ನುಂಗುತ್ತೀರಿ?”

“ಏನೂ ಇಲ್ಲ.”

ಹೆಂಡತಿ ಮಾತಾಡದೆ ಅವರ ಎಲೆಯಡಿಕೆ ಸಂಚಿಯನ್ನು ಬಿಚ್ಚಿದರು. ಸುಣ್ಣದ ಡಬ್ಬಿಯ ಕೆಳಗೆ, ಮಡಚಿ ಮಡಚಿ ಅಂಚು ಸವೆದ ಒಂದು ಪಟ್ಟಿ. ಡೈಕ್ಲೋಫೆನಾಕ್. ದಿನಕ್ಕೆ ಎರಡು, ಎಷ್ಟೋ ತಿಂಗಳಿಂದ.

“ಅದು ಬಿಪಿಯದ್ದಲ್ಲ, ಸೊಂಟದ್ದು” ಎಂದರು.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ಕೂರುವವರಿಗೆ ಸೊಂಟ ನೋಯುವುದು ಸಹಜವೇ. ಆದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವಿನ ಗುಳಿಗೆಗಳು ದೇಹದಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತವೆ. ಟೆಲ್ಮಿಸಾರ್ಟಾನ್ ಮಾಡುವ ಕೆಲಸವನ್ನು ಕುಂದಿಸುತ್ತವೆ. ಎರಡೂ ಕೂಡಿದರೆ ಮೂತ್ರಪಿಂಡಕ್ಕೂ ಅಪಾಯ. ಅವರಿಗೆ ಹೇಳಿದ್ದು ಇಷ್ಟೇ: ಬಂಡಿಯ ಮುಂದೊಂದು ಎತ್ತು, ಹಿಂದೊಂದು ಎತ್ತು ಕಟ್ಟಿ ಹೊಡೆಯುತ್ತಿದ್ದೀರಿ.

ಗುಳಿಗೆ ಬದಲಿಸುವುದು ನನ್ನ ಕೆಲಸವಲ್ಲ. ಪಟ್ಟಿಯ ಸಮೇತ ವೈದ್ಯರ ಬಳಿ ಕರೆದೊಯ್ದೆ. ಅವರು ಡೈಕ್ಲೋಫೆನಾಕ್ ನಿಲ್ಲಿಸಿದರು, ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಬರೆದರು, ನೋವಿಗೆ ಬೇರೆ ಔಷಧ ಕೊಟ್ಟು ಸೊಂಟದ ವ್ಯಾಯಾಮ ಕಲಿಯಲು ಕಳುಹಿಸಿದರು. ಗಂಟೆಗೊಮ್ಮೆ ಮಗ್ಗದಿಂದ ಎದ್ದು ನಾಲ್ಕು ಹೆಜ್ಜೆ ಹಾಕಬೇಕೆಂದು ನಾನು ಸೇರಿಸಿದೆ.

ಇನ್ನು ಉಪ್ಪು. “ಪಲ್ಯಕ್ಕೆ ಉಪ್ಪನ್ನೇ ಹಾಕುವುದಿಲ್ಲ” ಎಂದು ಹೆಂಡತಿ ಆಣೆ ಇಟ್ಟರು. ನಾನು ಕೇಳಿದ್ದು ಬೇರೆ: ಒಂದು ಕಿಲೋ ಉಪ್ಪಿನ ಪಾಕೀಟು ಎಷ್ಟು ದಿನಕ್ಕೆ ಮುಗಿಯುತ್ತದೆ? ಇಪ್ಪತ್ತು ದಿನ. ಮನೆಯಲ್ಲಿ ನಾಲ್ವರು ದೊಡ್ಡವರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಲೆಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಆ ಲೆಕ್ಕಕ್ಕೆ ಪಾಕೀಟು ಐವತ್ತು ದಿನ ಬಾಳಬೇಕು. ಉಳಿದದ್ದು ಎಲ್ಲಿಗೆ ಹೋಯಿತು? ಶೇಂಗಾ ಚಟ್ನಿಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಮಜ್ಜಿಗೆಗೆ. ಪಲ್ಯ ಸಪ್ಪೆಯಾದಷ್ಟೂ ರೊಟ್ಟಿಯ ಮೇಲೆ ಚಟ್ನಿ ದಪ್ಪವಾಗಿತ್ತು! ಪಲ್ಯಕ್ಕೆ ಹದವಾಗಿ ಸ್ವಲ್ಪ ಉಪ್ಪು ಹಾಕಿ, ಚಟ್ನಿಯನ್ನು ಉಪ್ಪಿಲ್ಲದೆ ಬೆಳ್ಳುಳ್ಳಿ, ಹುಣಸೆ, ಖಾರದಲ್ಲೇ ಕುಟ್ಟಿ, ಉಪ್ಪಿನಕಾಯಿ ಹಬ್ಬಕ್ಕೆ ಇರಲಿ ಎಂದೆ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ಹೇಗೂ ಇದ್ದೇ ಇವೆ. ಅವನ್ನು ಬದಲಿಸುವ ಅಗತ್ಯವಿಲ್ಲ.

ಎರಡು ತಿಂಗಳ ನಂತರ 136/84. ಎರಡನೆಯ ಗುಳಿಗೆ ಬೇಕಾಗಲಿಲ್ಲ. ಕ್ರಿಯಾಟಿನಿನ್ ಸರಿಯಾಗಿತ್ತು. ಸೊಂಟದ ನೋವು ಪೂರ್ತಿ ಹೋಗಿಲ್ಲ, ಮೊದಲ ವಾರವಂತೂ ನನ್ನನ್ನು ಬೈದುಕೊಂಡೇ ಇದ್ದರಂತೆ. ತಂಬಾಕು ಊಟದ ನಂತರಕ್ಕೆ ಮಾತ್ರ ಇಳಿದಿದೆ. ಬಿಡುವ ಮಾತನ್ನು ಪ್ರತಿ ಭೇಟಿಯಲ್ಲೂ ಎತ್ತುತ್ತೇನೆ, ಅವರು ಪ್ರತಿ ಬಾರಿಯೂ ಮಗನ ಸಾಲದ ಕಡೆಗೆ ಮಾತು ಹೊರಳಿಸುತ್ತಾರೆ.

ಹೊರಡುವಾಗ ಕೇಳಿದರು: “ಇಳಿಯಿತಲ್ಲ ತಂಗಿ, ಇನ್ನು ಬಿಪಿ ಗುಳಿಗೆ ನಿಲ್ಲಿಸಲೇ?”

ಗುಳಿಗೆ ತನ್ನ ಕೆಲಸ ಮಾಡುತ್ತಿರುವುದರಿಂದಲೇ ಅಂಕಿ ಇಳಿದಿದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ, ಏರಿದ್ದು ಮೈಗೆ ಗೊತ್ತೂ ಆಗುವುದಿಲ್ಲ ಎಂದು ಹೇಳಿ, ಮುಂದಿನ ತಿಂಗಳ ತಾರೀಖನ್ನು ಅವರ ಪುಸ್ತಕದಲ್ಲಿ ಬರೆದುಕೊಟ್ಟೆ.