ಶಾಫ್ಟ್ ಡ್ರೈವ್ ಬೈಕಿನ ಹಿಂದಿನ ಚಕ್ರದಲ್ಲಿ ಗರಗರ ಸದ್ದು: ಕ್ರೌನ್-ಪಿನಿಯನ್ನೇ ಹೋಗಿದೆಯಾ?

ಮೆಕ್ಯಾನಿಕ್ ಕೇಳಿರುವ ಒಂದೂವರೆ ಲಕ್ಷಕ್ಕೆ ಈಗಲೇ ಅಡ್ವಾನ್ಸ್ ಕೊಡಬೇಡಿ. ಒಂದು ಭಾನುವಾರ ಬೆಳಗ್ಗೆ ಬಿಡುವು ಮಾಡಿಕೊಳ್ಳಿ, ಸಾಕು.

ನೀವು ಹೇಳಿರೋದು ಇಷ್ಟು. ಸೆಕೆಂಡ್ ಹ್ಯಾಂಡ್ ಶಾಫ್ಟ್ ಬೈಕು (ಚೈನ್ ಬದಲು ತಿರುಗುವ ಉದ್ದದ ದಂಡವೇ ಹಿಂದಿನ ಚಕ್ರ ತಿರುಗಿಸುವಂಥದ್ದು), ಹದಿನೈದು ದಿನದ ಹಿಂದೆ ಹಿಂದಿನ ಟೈರ್ ಹೊಸದು ಹಾಕಿಸಿದ್ದೀರಿ. ಈಗ 40 ದಾಟಿದರೆ ಹಿಂದಿನಿಂದ ಗರಗರ, ಕ್ಲಚ್ ಹಿಡಿದರೂ ನಿಲ್ಲಲ್ಲ. ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ ಕ್ರೌನ್. ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ ನೋಡಿ ‘ಕ್ರೌನ್-ಪಿನಿಯನ್ ಹೋಗಿದೆ, ಪೂರಾ ಅಸೆಂಬ್ಲಿ ಬದಲಿಸಬೇಕು’ ಅಂದಿದ್ದಾರೆ.

ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡು ದುಡ್ಡು ಕಳೆದುಕೊಂಡವನು ನಾನು. ಈಗ ಇರೋದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ 80ರ ದಶಕದ ಶಾಫ್ಟ್ ಬೈಕುಗಳು ಅಗ್ಗಕ್ಕೆ ಸಿಗುತ್ತವೆ, ಹಾಗೆ ಒಂದನ್ನು ತಂದಿಟ್ಟುಕೊಂಡಿದ್ದೆ. ನಮ್ಮೂರಲ್ಲಿ ಚೈನ್ ಬೈಕು ಓಡಿಸಿ ಬೆಳೆದ ತಲೆ. ಹಿಂದೆ ಸದ್ದು ಬಂತು, ಚೈನ್ ಇಲ್ಲ, ಅಂದಮೇಲೆ ಆ ಅಲ್ಯೂಮಿನಿಯಂ ಉಂಡೆಯೊಳಗೇ ಏನೋ ಆಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಹಳೆ ಬೈಕು ಒಡೆದು ಮಾರುವವನ ಹತ್ತಿರ ಇನ್ನೊಂದು ಫೈನಲ್ ಡ್ರೈವ್ (ಕ್ರೌನ್-ಪಿನಿಯನ್ ಒಳಗಿರುವ ಅದೇ ಉಂಡೆ) ತಂದು, ಎರಡು ದಿನ ಕೂತು ಹಾಕಿ, ಗಲ್ಲಿ ತಿರುವಿನವರೆಗೆ ಓಡಿಸಿದೆ. ಅದೇ ಗರಗರ. ಒಂದು ಸ್ವರವೂ ಆಚೀಚೆ ಆಗಿರಲಿಲ್ಲ!

ಮೊದಲು ಕ್ಲಚ್ ವಿಷಯ. ಕ್ಲಚ್ ಹಿಡಿದರೂ ಸದ್ದು ನಿಲ್ಲಲಿಲ್ಲ ಅನ್ನೋದರಿಂದ ಎಂಜಿನ್ ಮೇಲಿನ ಅನುಮಾನ ಹೋಗುತ್ತೆ, ಅಷ್ಟೇ. ಬೈಕು ಉರುಳುತ್ತಿರುವಷ್ಟು ಹೊತ್ತೂ ಚಕ್ರವೇ ಕ್ರೌನನ್ನು, ಪಿನಿಯನ್ನನ್ನು, ಶಾಫ್ಟನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಹಾಗಾಗಿ ಸದ್ದು ಬೇರಿಂಗಿನದಾ ಪಿನಿಯನ್ನಿನದಾ ಅಂತ ಹೇಳುವ ಪರೀಕ್ಷೆ ಅದಲ್ಲ.

ಹೇಳೋದು ತಾಳ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ, ಗೋಡೆ ಸದ್ದನ್ನು ವಾಪಸ್ ಎಸೆಯುತ್ತೆ. ಎಂಜಿನ್ ಆಫ್, ನ್ಯೂಟ್ರಲ್. ಸ್ನೇಹಿತರೊಬ್ಬರು ತಳ್ಳಲಿ, ನೀವು ಪಕ್ಕದಲ್ಲಿ ಬಗ್ಗಿ ನಡೆಯಿರಿ. ಗೆರೆ ಒಂದು ಸುತ್ತು ಬರುವಷ್ಟರಲ್ಲಿ ಸದ್ದು ಒಂದೇ ಸಲ ಬಂದರೆ ಚಕ್ರದ ಜೊತೆ ತಿರುಗುವ ವಸ್ತು: ಡಿಸ್ಕ್, ಟೈರ್ ಅಥವಾ ಕ್ರೌನ್. ಸುಮಾರು ಮೂರು ಸಲ ಬಂದರೆ ಪಿನಿಯನ್ ಅಥವಾ ಯು-ಜಾಯಿಂಟ್ (ಶಾಫ್ಟ್ ಬಾಗಲು ಬಿಡುವ ಕೀಲು) ಕಡೆ ನೋಡಿ, ಯಾಕೆಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರರ ಆಸುಪಾಸು ಸುತ್ತುತ್ತದೆ. ಓಡಿಸುವಾಗಲೂ ಇದೇ ಲೆಕ್ಕ. ಟೈರಿನ ಸುತ್ತಳತೆ 2 ಮೀಟರ್ ಅಂದುಕೊಂಡರೆ 18 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತು. ಅಷ್ಟು ಟಕ್‌ಟಕ್ ಕಿವಿಯಲ್ಲೇ ಎಣಿಸಬಹುದು. ಏಳೆಂಟು ಬರುತ್ತಿದ್ದರೆ ಎಣಿಸಕ್ಕಾಗಲ್ಲ, ಆಗ ಅನುಮಾನ ಶಾಫ್ಟ್ ಮೇಲೆ. ತಾಳವೇ ಇಲ್ಲದ ಬರೀ ಗರಗರ ಆದರೆ ಬೇರಿಂಗೇ ಇರಬಹುದು.

ರಸ್ತೆಯಲ್ಲಿ ಥ್ರಾಟಲ್ ಗಮನಿಸಿ. ಎಳೆದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ, ಊಳಿಟ್ಟ ಹಾಗೆ ಬಂದರೆ ಹಲ್ಲುಗಳ ಸದ್ದು. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ ಇರಬಹುದು. ಥ್ರಾಟಲ್ ಹೇಗಿದ್ದರೂ ಒಂದೇ ರೀತಿ ಬಂದರೆ ಬೇರಿಂಗ್, ಬ್ರೇಕ್, ಟೈರ್. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಬದಲಾದರೆ ಟೈರ್, ಹೊಸ ಟೈರಿನ ಗುಬಟಿ ಎದ್ದ ಪ್ಯಾಟರ್ನ್ ಹಾಗೆ ಗುಂಯ್ ಅನ್ನುವುದುಂಟು. ಹಿಂದಿನ ಬ್ರೇಕನ್ನು ಸ್ವಲ್ಪ ತಾಗಿಸಿದಾಗ ಸದ್ದು ಬದಲಾದರೆ ಪ್ಯಾಡ್. ಅದನ್ನು ಖಾತ್ರಿ ಮಾಡಿಕೊಳ್ಳೋಕೆ ಹಿಂದಿನ ಬ್ರೇಕ್ ಮುಟ್ಟದೆ ಐದಾರು ಕಿ.ಮೀ. ಓಡಿಸಿ, ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುಂಯ್ ಅಂದರೆ ಪ್ಯಾಡ್ ಹಿಡಿದುಕೊಂಡಿದೆ.

ತಿರುವಿನಲ್ಲಿ ವಾಲಿಸಿ ಬೇರಿಂಗ್ ಪತ್ತೆ ಮಾಡಿ ಅಂತ ಬಹಳ ಜನ ಹೇಳುತ್ತಾರೆ. ಅದು ಕಾರಿನ ಉಪಾಯ. ತಿರುವಿನಲ್ಲಿ ಕಾರಿನ ಭಾರ ಒಂದು ಕಡೆಯ ಚಕ್ರಗಳ ಮೇಲೆ ಬೀಳುತ್ತದೆ, ಚಕ್ರಕ್ಕೆ ಅಡ್ಡ ಒತ್ತಡವೂ ಬೀಳುತ್ತದೆ. ಬೈಕು ತಾನೇ ವಾಲುವುದರಿಂದ ಭಾರ ಹೆಚ್ಚುಕಡಿಮೆ ಚಕ್ರದ ನೇರಕ್ಕೇ ಇರುತ್ತದೆ. ನಾನು ಇಡೀ ಸಂಜೆ ಎಡಕ್ಕೆ ಬಲಕ್ಕೆ ವಾಲಾಡಿದ್ದೇ ಬಂತು.

ಆಮೇಲೆ ಡಬಲ್ ಸ್ಟ್ಯಾಂಡ್. ಚಕ್ರ ಗಾಳಿಯಲ್ಲಿ ನೇತಾಡುವಾಗ ಯು-ಜಾಯಿಂಟಿನ ಕೋನ ಜಾಸ್ತಿ ಆಗಿರುತ್ತದೆ. ಆಗ ಬರುವ ಸಣ್ಣಪುಟ್ಟ ಕಟಕಟಕ್ಕೆ ಗಾಬರಿ ಬೇಡ. ಎಂಜಿನ್ ಹಾಕಿ ಗೇರಿನಲ್ಲಿ ತಿರುಗಿಸಿ ನೋಡುವ ಸಾಹಸವೂ ಬೇಡ, ಕೈಯಲ್ಲೇ ತಿರುಗಿಸಿ. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಆಕ್ಸಲ್ ಪಕ್ಕಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿ. ನಂತರ ಫೈನಲ್ ಡ್ರೈವ್ ಹೌಸಿಂಗಿಗೆ ಇಟ್ಟು ಕೇಳಿ. ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಬಿಚ್ಚಿ ಇನ್ನೊಮ್ಮೆ.

ನಿಮ್ಮ ಬೈಕಿಗೆ ಚಕ್ರದ ಎರಡೂ ಕಡೆ ಆರ್ಮ್ (ಚಕ್ರ ಹಿಡಿದಿರುವ ತೋಳು) ಇದ್ದರೆ ಚಕ್ರವನ್ನೇ ಬಿಚ್ಚಿಬಿಡಿ. ಇದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಚಕ್ರ ಇಲ್ಲದೆ, ಫೈನಲ್ ಡ್ರೈವಿನಲ್ಲಿ ಚಕ್ರದ ಹಬ್ ಕಚ್ಚಿಕೊಳ್ಳುವ ಹಲ್ಲಿನ ತೂತಿಗೆ ಕೈ ಹಾಕಿ ತಿರುಗಿಸಿ. ಎಣ್ಣೆಯಲ್ಲಿ ಮುಳುಗಿದ ಭಾರ ಸಹಜ, ಕಚ್ಚುವುದು, ಗರಗುಟ್ಟುವುದು ಸಹಜ ಅಲ್ಲ. ನಂತರ ಚಕ್ರದ ಹಬ್ಬಿನ ಬೇರಿಂಗಿಗೆ ತೋರುಬೆರಳು ಇಟ್ಟು ಒಳಗಿನ ರಿಂಗನ್ನು ನಿಧಾನ ತಿರುಗಿಸಿ.

ನನಗೆ ಗೊತ್ತಾದದ್ದು ಆ ಕ್ಷಣದಲ್ಲೇ. ಎಡಗಡೆಯದ್ದು ಬೆಣ್ಣೆ. ಬಲಗಡೆಯದ್ದು ರಾಗಿ ಬೀಸಿದ ಹಾಗೆ, ಬೆರಳಿಗೆ ಒಂದೊಂದು ಕಾಳೂ ಸಿಗುತ್ತಿತ್ತು. ತೆಗೆದು ನೋಡಿದರೆ ಎರಡು ಬೇರಿಂಗ್ ನಡುವೆ ಇರಬೇಕಾದ ಕೊಳವೆಯಂಥ ಬುಷ್ ಇರಲೇ ಇಲ್ಲ. ನನಗಿಂತ ಮುಂಚೆ ಯಾರೋ ಬೇರಿಂಗ್ ಬದಲಿಸುವಾಗ ಬಿಟ್ಟಿದ್ದರು. ಅದಿಲ್ಲದೆ ಆಕ್ಸಲ್ ನಟ್ ಬಿಗಿ ಮಾಡಿದರೆ ಬೇರಿಂಗಿನ ಒಳರಿಂಗುಗಳು ಒಂದರ ಕಡೆಗೊಂದು ಅದುಮಿಕೊಂಡು ಬೇಗ ಸಾಯುತ್ತವೆ. ನಿಮ್ಮ ಸದ್ದು ಟೈರ್ ಬದಲಿಸಿದ ಮೇಲೆ ಶುರುವಾಗಿದೆ ಅಂದದ್ದಕ್ಕೇ ಇಷ್ಟುದ್ದ ಬರೆಯುತ್ತಿರೋದು. ಟೈರ್ ಅಂಗಡಿಯಲ್ಲಿ ಹೊರಗಿನ ಸ್ಪೇಸರ್‌ಗಳನ್ನು (ಚಕ್ರದ ಎರಡೂ ಬದಿ ಆಕ್ಸಲ್ ಮೇಲೆ ಕೂರುವ ಬಳೆಗಳು) ಅದಲುಬದಲು ಮಾಡಿದ್ದರೂ ಚಕ್ರ ಒಂದು ಕಡೆ ಸರಿದು ಡಿಸ್ಕ್ ಉಜ್ಜುತ್ತದೆ.

ಬೇರಿಂಗ್ ಹೋಗಿದ್ದರೆ ಅದರ ಅಂಚಿನ ನಂಬರ್ ನೋಡಿ. ನನ್ನದು 6303: ಒಳವ್ಯಾಸ 17 ಮಿ.ಮೀ., ಹೊರವ್ಯಾಸ 47, ದಪ್ಪ 14. ಮೋಟರು, ಪಂಪುಗಳಿಗೂ ಹಾಕುವ ಮಾಮೂಲಿ ಸೈಜು. ನಿಮ್ಮದೂ ಇಂಥದೇ ಆದರೆ ಬೈಕ್ ಕಂಪನಿಯ ಡಬ್ಬಿಗೆ ಕಾಯಬೇಕಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಂಬರ್ ಹೇಳಿ ಕೇಳಿ. ಎರಡೂ ಕಡೆ ಸೀಲ್ ಇರುವ 2ಆರ್‌ಎಸ್ ಕೇಳಿ, ಜೋಡಿಯಾಗಿ ಬದಲಿಸಿ. ಚಕ್ರ ವಾಪಸ್ ಹಾಕುವಾಗ ಅದು ಫೈನಲ್ ಡ್ರೈವಿಗೆ ಕಚ್ಚಿಕೊಳ್ಳುವ ಹಲ್ಲುಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ, ಮಾಮೂಲಿ ಗ್ರೀಸ್ ಅಲ್ಲಿ ನಿಲ್ಲಲ್ಲ.

ಫೈನಲ್ ಡ್ರೈವ್ ಎಣ್ಣೆಯನ್ನೂ ಒಮ್ಮೆ ಇಳಿಸಿ ನೋಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಲೇಪ ಅಂಟಿದ್ದರೆ ಅದು ಮಾಮೂಲು. ಉಗುರಿಗೆ ಸಿಗುವ ಚಕ್ಕೆ, ಮಿಂಚುವ ಚೂರು ಇದ್ದರೆ ಒಳಗೆ ಏನೋ ಒಡೆದಿದೆ.

ಒಂದೇ ಕಡೆ ಆರ್ಮ್ ಇರುವ ಬೈಕಾದರೆ ನಾನು ಹೇಳಿದ್ದರಲ್ಲಿ ಅರ್ಧ ನಿಮಗೆ ಹೊಂದುವುದಿಲ್ಲ. ಅಲ್ಲಿ ಚಕ್ರವನ್ನು ನೇರ ಫೈನಲ್ ಡ್ರೈವಿಗೇ ಬೋಲ್ಟ್ ಮಾಡಿರುತ್ತಾರೆ, ಚಕ್ರದ ಭಾರ ಹೊರುವ ಬೇರಿಂಗ್ ಅದರೊಳಗೇ ಇರುತ್ತದೆ. ಸ್ಟ್ಯಾಂಡಿನ ಮೇಲೆ ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಎಳೆದು ತಳ್ಳಿ. ಕೈಗೆ ಟಕ್ ಅಂತ ಪ್ಲೇ ಸಿಕ್ಕರೆ, ಅಥವಾ ರಿಮ್ಮಿನ ಒಳಬದಿಗೆ ಎಣ್ಣೆ ಜಿನುಗಿದ್ದರೆ, ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಟೆಂಪೊದಲ್ಲಿ ಹಾಕಿಸಿಕೊಂಡು ಹೋಗಿ.