ಹಳೆಯ ಆಟದ ಸಣ್ಣ ಅಕ್ಷರ

ಪ್ರಶ್ನೆ: 1998ರ ‘ಬಾಲ್ಡರ್ಸ್ ಗೇಟ್’ ಆಟಕ್ಕೆ ವೈಡ್‌ಸ್ಕ್ರೀನ್ ಮಾಡ್ (ಹಳೆಯ ಆಟವನ್ನು ಅಗಲ ಪರದೆಗೆ ಹೊಂದಿಸುವ, ಅಭಿಮಾನಿಗಳು ಮಾಡಿದ ಮಾರ್ಪಾಡು) ಹಾಕಿ, 27 ಅಂಗುಲದ 4ಕೆ ಮಾನಿಟರಿನಲ್ಲಿ ಆಡುತ್ತಿದ್ದೇನೆ. ಚಿತ್ರವೇನೋ ಚೆನ್ನಾಗಿದೆ, ಆದರೆ ಸಂಭಾಷಣೆಯ ಅಕ್ಷರಗಳನ್ನು ಓದಲು ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ತೊಂದರೆ ನಿಮ್ಮ ಕಣ್ಣಿನದಲ್ಲ. ಈ ಆಟವನ್ನು 640×480 ಪಿಕ್ಸೆಲ್‌ಗಳ ಪರದೆಗಾಗಿ ರೂಪಿಸಿದ್ದರು. ಅದರ ಅಕ್ಷರಗಳು ಇಂತಿಷ್ಟೇ ಪಿಕ್ಸೆಲ್‌ಗಳ ಚಿತ್ರಗಳಾದ್ದರಿಂದ, ರೆಸಲ್ಯೂಶನ್ ಹೆಚ್ಚಿಸಿದಾಗ ಕಾಣುವ ಭೂಭಾಗ ವಿಸ್ತಾರವಾಗುತ್ತದೆಯೇ ಹೊರತು ಅಕ್ಷರ ದೊಡ್ಡದಾಗುವುದಿಲ್ಲ. ನಿಮ್ಮ ಮಾನಿಟರಿನಲ್ಲಿ 12 ಪಿಕ್ಸೆಲ್ ಎತ್ತರದ ಅಕ್ಷರಕ್ಕೆ 2 ಮಿಲಿಮೀಟರ್ ಕೂಡ ಸಿಗುವುದಿಲ್ಲ.

ಆದ್ದರಿಂದ ಮಾಡ್‌ನಲ್ಲಿ ನಿಮ್ಮ ಮಾನಿಟರಿನ ಪೂರ್ಣ ಅಳತೆಯಾದ 3840×2160ರ ಬದಲು 960×540 ಎಂದು ನಮೂದಿಸಿ, ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ಸ್‌ನಲ್ಲಿ ‘ಇಂಟಿಜರ್ ಸ್ಕೇಲಿಂಗ್’ (ಚಿತ್ರವನ್ನು ಪೂರ್ಣಾಂಕದಷ್ಟು ಪಟ್ಟು ಮಾತ್ರ ಹಿಗ್ಗಿಸುವ) ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿ. ಆಗ ಆಟದ ಒಂದೊಂದು ಪಿಕ್ಸೆಲ್ ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ನಾಲ್ಕು ಪಟ್ಟಾಗಿ, ಅದೇ ಅಕ್ಷರ ಸುಮಾರು 7 ಮಿಲಿಮೀಟರ್ ಎತ್ತರಕ್ಕೆ ಬೆಳೆಯುತ್ತದೆ, ಅಂಚುಗಳೂ ಮಸುಕಾಗುವುದಿಲ್ಲ. ಅಷ್ಟು ದೊಡ್ಡದು ಬೇಡವೆಂದರೆ 1280×720 ಪ್ರಯತ್ನಿಸಿ, ಅದು ಮೂರು ಪಟ್ಟು. 3840 ಮತ್ತು 2160ನ್ನು ಭಾಗಿಸಿದಾಗ ಶೇಷ ಉಳಿಯುವ ಅಳತೆಗಳನ್ನು ಮಾತ್ರ ಆರಿಸಬೇಡಿ. ಈ ಸೌಲಭ್ಯದಲ್ಲಿ ಅವುಗಳಿಂದ ಸುತ್ತಲೂ ಕಪ್ಪು ಅಂಚು ಉಳಿಯುತ್ತದೆ.

ಹೊಸದಾಗಿ ಕೊಳ್ಳಲು ಅಡ್ಡಿಯಿಲ್ಲದಿದ್ದರೆ, 2012ರ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಆವೃತ್ತಿಯ ಈಗಿನ ರೂಪದಲ್ಲಿ ಅಕ್ಷರದ ಗಾತ್ರವನ್ನೇ ಬದಲಿಸಬಹುದು. ದೀರ್ಘ ಸಂಭಾಷಣೆಗಳೇ ಜೀವಾಳವಾಗಿರುವ ಈ ಆಟಕ್ಕೆ ಅದು ನಿಜಕ್ಕೂ ದೊಡ್ಡ ಉಪಕಾರ.